ಹೊರಗೆ ಹೋದ ಪಾಸ್‌ವರ್ಡ್

ಆ ಸೋಮವಾರ ನಾನು ಬಸ್ಸಿಳಿದು ಕಾರ್ಖಾನೆಯ ಗೇಟು ದಾಟುವ ಹೊತ್ತಿಗೆ ಸಾಲ್ವೆಂಟ್ ಗೋದಾಮಿನ ಬೋರ್ಡು ಮಾತು ನಿಲ್ಲಿಸಿ ಒಂದು ತಾಸಾಗಿತ್ತು. ಅಂಗೈಯಗಲದ ಆ ಸರ್ಕ್ಯೂಟ್ ಬೋರ್ಡನ್ನು ಕೂಡಿಸಿದವಳು ನಾನೇ. ಸಾಲ್ವೆಂಟ್ ಎಂದರೆ ಬೇಗ ಆವಿಯಾಗುವ, ಬೇಗ ಬೆಂಕಿ ಹತ್ತುವ ದ್ರಾವಕ. ಗೋದಾಮಿನೊಳಗಿನ ಆವಿ ಮೀಟರ್ ತೋರಿಸುವ ಅಂಕಿಯನ್ನು ಅದು ನಿಮಿಷಕ್ಕೊಮ್ಮೆ ಓದಿ, ಹೊರಗಿನ ಒಂದು ಸರ್ವರಿಗೆ ಕಳಿಸುತ್ತಿತ್ತು. ಅಂಕಿ ಮೊದಲ ಗಡಿ ಮುಟ್ಟಿದರೆ ಆ ಸರ್ವರು ನಮ್ಮ ಫೋನುಗಳಿಗೆ ಎಚ್ಚರಿಕೆಯ ಸಂದೇಶ ಹಂಚುತ್ತಿತ್ತು. ಎರಡನೇ ಗಡಿ ದಾಟಿದರೆ ಗೋಡೆಯ ಮೇಲಿನ ಹೂಟರ್ ತಾನಾಗಿಯೇ ಕೂಗುತ್ತದೆ; ಅದಕ್ಕೆ ಯಾವ ನೆಟ್‌ವರ್ಕೂ ಬೇಡ. ಆದರೆ ಹೂಟರ್ ಕೂಗುವ ಹೊತ್ತಿಗೆ ಒಳಗಿದ್ದವರ ತಲೆ ತಿರುಗಲು ಶುರುವಾಗಿರುತ್ತದೆ. ಆ ಎರಡು ಗಡಿಗಳ ನಡುವಿನ ಸಮಯವನ್ನು ಉಳಿಸಿಕೊಳ್ಳಲೆಂದೇ ನಾನು ಆ ಬೋರ್ಡು ಮಾಡಿದ್ದು.

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ, ಔಷಧಿಗೆ ಬೇಕಾದ ರಾಸಾಯನಿಕಗಳನ್ನು ತಯಾರಿಸುವ ಆ ಘಟಕದಲ್ಲಿ ನಾನು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಒತ್ತಡ, ಉಷ್ಣತೆ, ಆವಿ ಅಳೆಯುವ ಮೀಟರುಗಳೆಲ್ಲ ನನ್ನ ಪಾಲಿಗೆ. ಪ್ರೋಗ್ರಾಮಿಂಗ್ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ಈ ಮೀಟರುಗಳ ಮಾತು ಕೇಳಿಸಿಕೊಳ್ಳಲು ಬೇಕಾದಷ್ಟನ್ನು ನಾನೇ ಕೂತು ಕಲಿತೆ.

ಬೋರ್ಡಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಭಾನುವಾರ ಬೇರೆ ಊರಿನ ಹೆಡ್ ಆಫೀಸಿನವರು ಕಾರ್ಖಾನೆಯ ಇಂಟರ್ನೆಟ್ಟಿಗೆ ಹೊಸ ಕಾವಲು ಹಾಕಿದ್ದರು; ಸೋಮವಾರ ಬೆಳಿಗ್ಗೆಯಿಂದ ಅದು ಜಾರಿ. ಇನ್ನು ಮುಂದೆ ಒಳಗಿನ ಯಾವ ಯಂತ್ರವೂ ನೇರ ಹೊರಗೆ ಹೋಗುವಂತಿಲ್ಲ. ಪ್ರಾಕ್ಸಿ ಎಂಬ ನಡುವಿನ ಕಂಪ್ಯೂಟರಿಗೆ ತನ್ನ ಹೆಸರು ಹೇಳಿ, ಗುರುತು ಸಾಬೀತು ಮಾಡಿ, ಅದರ ಮೂಲಕವೇ ಹೋಗಬೇಕು. ನನ್ನ ಬೋರ್ಡಿಗೆ ಗುರುತು ಹೇಳಲು ಬರುತ್ತಿರಲಿಲ್ಲ.

ಕಾರ್ಖಾನೆಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವರು ಹುಮನಾಬಾದಿನ ಹಳೆ ಊರಿನವರು, ಗುತ್ತಿಗೆಯ ಮೇಲಿದ್ದವರು. ನಾನು ಅವರನ್ನು ಭಾಯ್ ಎಂದೇ ಕರೆಯುತ್ತಿದ್ದೆ. ಆ ಬೋರ್ಡೊಂದನ್ನು ಕಾವಲಿನಿಂದ ಬಿಟ್ಟುಬಿಡಲಾಗುವುದಿಲ್ಲವೇ ಎಂದು ಕೇಳಿದೆ.

"ಕೇಳಿ ನೋಡೀನಿ ಮೇಡಂ. ಒಂದಕ್ಕ ಬಿಟ್ರ ನೂರಕ್ಕ ಬಿಡಬೇಕಾಗ್ತದ ಅಂತಾರ. ಪರೇಶಾನ್ ಆಗಬ್ಯಾಡ್ರಿ, ನಿಮ್ ಬೋರ್ಡಿಗಿ ಪಾಸ್‌ವರ್ಡ್ ಹೇಳಾಕ ಕಲಸ್ರಿ, ಅಷ್ಟ," ಎಂದರು ಭಾಯ್.

ಸಿಮ್ ಹಾಕುವ ಮೋಡೆಮ್ ತರಿಸೋಣವೆಂದರೆ, ಸಾಲ್ವೆಂಟ್ ಇರುವ ಕಡೆ ಅಂಥದಕ್ಕೆ ಬೇರೆಯೇ ಅನುಮತಿ ಬೇಕು. ಅದು ತಿಂಗಳುಗಟ್ಟಲೆಯ ಮಾತು. ಹತ್ತು ಗಂಟೆಗೆ ಸುರಕ್ಷತಾ ಅಧಿಕಾರಿ ನನ್ನನ್ನು ಕರೆದರು. ಬೋರ್ಡು ಸರಿಹೋಗುವವರೆಗೆ ತಾಸಿಗೊಮ್ಮೆ ಯಾರಾದರೂ ಗೋದಾಮಿನೊಳಗೆ ಹೋಗಿ ಮೀಟರಿನ ಅಂಕಿ ಓದಿ ಪುಸ್ತಕದಲ್ಲಿ ಬರೆಯಬೇಕು ಎಂದು ಆದೇಶಿಸಿದರು. ಹಗಲು ಪಾಳಿಯಲ್ಲಿ ಆ ಕೆಲಸ ಬಿದ್ದದ್ದು ಡ್ರಮ್ಮು ತೊಳೆಯುವ ಕಾಕುವಿನ ಮೇಲೆ. ದುಬಲಗುಂಡಿಯಿಂದ ಬರುವ ಐವತ್ತರ ಹತ್ತಿರದ ಹೆಂಗಸು. ಇಡೀ ಕಾರ್ಖಾನೆಯೇ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಮೊದಲ ಸುತ್ತಿಗೆ ಮುಖವಾಡ ಬಿಗಿದುಕೊಳ್ಳುತ್ತ ಅವರು ಕೇಳಿದರು, "ಎಷ್ಟ ದಿನದ ಕೆಲಸ ರೀ ಇದು?"

"ಎರಡು ದಿನ ಕಾಕು. ಬಹಳ ಅಂದ್ರ ಮೂರು," ಎಂದೆ.

ಹದಿನಾರು ದಿನ ಹಿಡಿಯಿತು.

ಬೋರ್ಡಿನಿಂದ ಹೊರಗೆ ಮಾಹಿತಿ ಕಳಿಸಲು ನಾನು ಬಳಸುತ್ತಿದ್ದದ್ದು ಒಂದು ಮುಕ್ತ ಲೈಬ್ರರಿ. ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಮು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಕೆಲಸಕ್ಕೆ ಬಳಸಬಹುದು. ಪುಟ್ಟ ಬೋರ್ಡುಗಳಿಗೆಂದೇ ಮಾಡಿದ್ದರಿಂದ ಅದರಲ್ಲಿ ಅನಿವಾರ್ಯವಾದಷ್ಟು ಮಾತ್ರ ಇತ್ತು. ಪ್ರಾಕ್ಸಿಯ ಸುದ್ದಿಯೇ ಇರಲಿಲ್ಲ. ಅದನ್ನು ನೋಡಿಕೊಳ್ಳುವ ನಿರ್ವಾಹಕರಿಗೆ ಬರೆದೆ. ಅವರು ಯಾವ ದೇಶದವರೋ, ಗಂಡೋ ಹೆಣ್ಣೋ, ನನಗೆ ಇಂದಿಗೂ ಗೊತ್ತಿಲ್ಲ. ಮರುದಿನ ಉತ್ತರ ಬಂತು: ಇದುವರೆಗೆ ಯಾರಿಗೂ ಬೇಕಾಗಿರಲಿಲ್ಲ, ನನಗೂ ಸಮಯವಿಲ್ಲ, ನೀವೇ ಬರೆದರೆ ಸಂತೋಷದಿಂದ ಓದುತ್ತೇನೆ. ಪ್ರತಿ ಸಾಲಿಗೂ ಒಂದು ಪರೀಕ್ಷೆ ಇರಲಿ. ಅವಸರವಿದ್ದರೂ ಅವಸರ ಮಾಡಬೇಡಿ.

ಕೊನೆಯ ಮಾತು ಓದಿ ನನಗೆ ಸ್ವಲ್ಪ ಸಿಟ್ಟು ಬಂತು. ತಾಸಿಗೊಮ್ಮೆ ಗೋದಾಮಿಗೆ ಹೋಗುವವರು ಅವರ ಕಣ್ಣೆದುರಿಗಿರಲಿಲ್ಲವಲ್ಲ.

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಬೆಳಿಗ್ಗೆ ಐದರಿಂದ ಏಳರವರೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯುತ್ತಿದ್ದೆ. ಆ ಹದಿನಾರು ದಿನ ರೊಟ್ಟಿ ಬಡಿದದ್ದು ನನ್ನ ಗಂಡ. ಆಕಾರ ಕೇಳಬಾರದು, ರುಚಿಗೆ ಕೊರತೆ ಇರಲಿಲ್ಲ. ಏಳೂಕಾಲಿಗೆ ಬಸ್ಸು. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಸೇರಿದ ಮೇಲೆ ಕಿಟಕಿಗೆ ತಲೆಯಾನಿಸಿ, ಬರೆದದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಳ್ಳುತ್ತಿದ್ದೆ. ಎಷ್ಟೋ ತಪ್ಪುಗಳು ಸಿಕ್ಕದ್ದು ರಾಜೇಶ್ವರದ ಸ್ಟಾಪಿನ ಆಸುಪಾಸಿನಲ್ಲೇ.

ಕೆಲಸ ಎರಡು ಭಾಗದ್ದು. ಮೊದಲನೆಯದು ಸುರಂಗ. ಹೊರಗಿನ ಸರ್ವರಿನ ಜೊತೆ ಗುಪ್ತವಾಗಿ ಮಾತಾಡಬೇಕಾದರೆ ಬೋರ್ಡು ಮೊದಲು ಪ್ರಾಕ್ಸಿಗೆ "ಇಂಥ ಸರ್ವರಿನವರೆಗೆ ದಾರಿ ತೆರೆ" ಎಂದು ಕೇಳಬೇಕು. ದಾರಿ ತೆರೆದ ಮೇಲೆ ಅದರೊಳಗಿಂದ ತನ್ನ ಮಾತು ಕಳಿಸಬೇಕು. ಎರಡನೆಯದು ಗುರುತು ಹೇಳುವುದು. ಅದರಲ್ಲೂ ಎರಡು ವಿಧ. ಬೇಸಿಕ್ ಎಂಬ ಸುಲಭದ ವಿಧದಲ್ಲಿ ಪಾಸ್‌ವರ್ಡನ್ನು ಅಕ್ಷರ ಬದಲಿಸಿ ಹಾಗೇ ಕಳಿಸಿಬಿಡುತ್ತಾರೆ. ನಡುವೆ ಹಿಡಿದವರು ಯಾರೇ ಆದರೂ ಒಂದು ಕ್ಷಣದಲ್ಲಿ ಅದನ್ನು ಓದಬಹುದು. ಡೈಜೆಸ್ಟ್ ಎಂಬ ಎರಡನೇ ವಿಧದಲ್ಲಿ ಪಾಸ್‌ವರ್ಡು ಹೊರಗೆ ಬರುವುದೇ ಇಲ್ಲ. ಪ್ರಾಕ್ಸಿ ಪ್ರತಿ ಸಲ ಒಂದು ಹೊಸ ಸಂಖ್ಯೆ ಕೊಡುತ್ತದೆ. ಬೋರ್ಡು ಆ ಸಂಖ್ಯೆಯನ್ನೂ ಪಾಸ್‌ವರ್ಡನ್ನೂ ಕೂಡಿಸಿ ಲೆಕ್ಕ ಮಾಡಿ, ಬಂದ ಉತ್ತರವನ್ನಷ್ಟೇ ಕಳಿಸುತ್ತದೆ. ಪ್ರಾಕ್ಸಿಯೂ ಅದೇ ಲೆಕ್ಕ ಮಾಡಿ ನೋಡುತ್ತದೆ. ಎರಡೂ ಕೂಡಿದರೆ ದಾರಿ. ಹೆಡ್ ಆಫೀಸಿನವರು ಡೈಜೆಸ್ಟ್ ಬಿಟ್ಟು ಬೇರೆಯದನ್ನು ಒಪ್ಪುತ್ತಿರಲಿಲ್ಲ.

ಐದನೇ ದಿನ ಸುರಂಗದ ಭಾಗ ಮುಗಿಯಿತು. ಆದರೆ ಡೈಜೆಸ್ಟ್ ಇಲ್ಲದೆ ಅದನ್ನು ಕಾರ್ಖಾನೆಯಲ್ಲಿ ಓಡಿಸಿ ನೋಡುವ ದಾರಿ ಇರಲಿಲ್ಲ. ಅಂದು ಊಟದ ಬಿಡುವಿನಲ್ಲಿ ಭಾಯ್ ನನ್ನ ಮೇಜಿನ ಹತ್ತಿರ ಬಂದರು. ಗೋದಾಮಿನ ಬಾಗಿಲಲ್ಲಿ ಮುಖವಾಡ ತೆಗೆದು ಗೋಡೆ ಹಿಡಿದು ನಿಂತಿದ್ದ ಕಾಕುವನ್ನು ಅವರು ಆಗಷ್ಟೇ ನೋಡಿ ಬಂದಿದ್ದರು.

"ಎರಡ ದಿನ ಬೇಸಿಕ್ ಚಾಲೂ ಮಾಡಿ ಕೊಡ್ತೀನಿ. ನಿಮ್ಮ ಟೆಸ್ಟಿಂಗ್‌ಭೀ ಆಗ್ತದ, ಆಕಿಗಿಭೀ ಆರಾಮ ಆಗ್ತದ. ಹೆಡ್ ಆಫೀಸಿನವರು ಕೇಳಿದ್ರ ನಾ ನೋಡ್ಕೋತೀನಿ."

ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಅನ್ನಬೇಕು ಎಂದು ಅನಿಸಲೂ ಇಲ್ಲ. ಬೇಸಿಕ್‌ಗೆ ಬೇಕಾದ ನಾಲ್ಕು ಸಾಲು ಬರೆದು ಬೋರ್ಡಿಗೆ ಹಾಕಿದೆ. ಮೂರು ಗಂಟೆಗೆ ಅಂಕಿಗಳು ಸರ್ವರಿಗೆ ಹೋಗತೊಡಗಿದವು. ಕಾಕು ಎರಡು ದಿನ ತಮ್ಮ ಡ್ರಮ್ಮುಗಳ ಹತ್ತಿರವೇ ಇದ್ದರು. ಮೂರನೇ ದಿನ ಹೆಡ್ ಆಫೀಸಿನವರು ಕಂಡುಹಿಡಿದು ಅದನ್ನು ಬಂದ್ ಮಾಡಿದರು. ಭಾಯ್‌ಗೆ ಫೋನಿನಲ್ಲೇ ಬೈಗುಳ ಬಿತ್ತು. ಸುತ್ತುಗಳು ಮತ್ತೆ ಶುರುವಾದವು.

ಡೈಜೆಸ್ಟ್ ನಾನು ಅಂದುಕೊಂಡದ್ದಕ್ಕಿಂತ ಮೊಂಡು. ಒಂದು ಉದ್ಧರಣ ಚಿಹ್ನೆ ಹೆಚ್ಚಾದರೂ ಉತ್ತರ ತಪ್ಪು, ಒಂದು ಅಲ್ಪವಿರಾಮ ಕಡಿಮೆಯಾದರೂ ತಪ್ಪು. ತಪ್ಪು ಎಲ್ಲಿದೆ ಎಂದು ಪ್ರಾಕ್ಸಿ ಹೇಳುವುದಿಲ್ಲ. 407 ಎಂಬ ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ನೀನು ಯಾರು ಎಂದು ನನಗೆ ಗೊತ್ತಾಗಲಿಲ್ಲ, ಮತ್ತೆ ಹೇಳು ಎಂಬುದು ಅದರ ಅರ್ಥ. ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲೇ ಒಂದು ಪ್ರಾಕ್ಸಿ ಎಬ್ಬಿಸಿ ಪರೀಕ್ಷಿಸಿದೆ. ಹನ್ನೊಂದನೇ ದಿನ ಎಲ್ಲ ಪರೀಕ್ಷೆಗಳೂ ಪಾಸಾಗಿ ಹಸಿರು ತೋರಿಸಿದವು. ಖುಷಿಯಿಂದ ಬಸ್ಸು ಹತ್ತಿದೆ. ಕಾರ್ಖಾನೆಗೆ ಹೋಗಿ ಬೋರ್ಡಿಗೆ ಹಾಕಿದೆ. 407. ಮತ್ತೆ 407. ನನ್ನ ಪ್ರೋಗ್ರಾಮು ಬಿಡದೆ ಪ್ರಯತ್ನಿಸುತ್ತಲೇ ಇತ್ತು.

ಇಪ್ಪತ್ತು ನಿಮಿಷದ ನಂತರ ಗೇಟಿನ ಕಡೆ ಹಾರನ್ನುಗಳು ಕೇಳತೊಡಗಿದವು. ನನಗೆ ಕೊಟ್ಟಿದ್ದ ಬಳಕೆದಾರ ಹೆಸರನ್ನೇ ಲಾರಿ ತೂಗುವ ಕಾಟಾದ ಕಂಪ್ಯೂಟರಿಗೂ ಕೊಟ್ಟಿದ್ದರು. ತಪ್ಪು ಉತ್ತರ ಹೆಚ್ಚಾದದ್ದಕ್ಕೆ ಪ್ರಾಕ್ಸಿ ಆ ಹೆಸರಿಗೇ ಬೀಗ ಹಾಕಿತ್ತು. ಕಾಟಾ ನಿಂತಿತು. ಟ್ಯಾಂಕರುಗಳು ರಸ್ತೆಯವರೆಗೆ ಸಾಲುಗಟ್ಟಿದವು.

ಸುರಕ್ಷತಾ ಅಧಿಕಾರಿ ನನ್ನ ಮೇಜಿಗೇ ಬಂದರು. ಅವರು ಕೂಗುವವರಲ್ಲ, ಮೆಲ್ಲಗೆ ಮಾತಾಡಿದರೆ ನಮಗೆ ಹೆಚ್ಚು ಭಯ.

"ಮೇಡಂ, ನೀವು ಮೀಟರ್ ರಿಪೇರಿ ಮಾಡಾಕತ್ತೀರೋ, ಗೇಟ್ ಬಂದ್ ಮಾಡಾಕತ್ತೀರೋ?"

"ತಪ್ಪಾಯ್ತು ಸರ್. ಇವತ್ತು ಬೋರ್ಡು ಮುಟ್ಟೋದಿಲ್ಲ."

"ಇವತ್ತ ಮುಟ್ಟಬ್ಯಾಡ್ರಿ. ಆದ್ರ ಬಿಡಬ್ಯಾಡ್ರಿ," ಎಂದು ಹೊರಟುಹೋದರು. ಬೀಗ ತೆಗೆಸಿದ ಭಾಯ್, ನನಗೆಂದೇ ಬೇರೆ ಹೆಸರೊಂದನ್ನು ಮಾಡಿಕೊಟ್ಟರು. ಮೊದಲ ದಿನವೇ ಮಾಡಬೇಕಿದ್ದ ಕೆಲಸವದು. ಅವರೂ ಮರೆತಿದ್ದರು, ನಾನೂ ಕೇಳಿರಲಿಲ್ಲ.

ಆಮೇಲೆ ನಾನು ಬರೆಯುವುದು ನಿಲ್ಲಿಸಿ ಓದತೊಡಗಿದೆ. ಡೈಜೆಸ್ಟ್ ಹೇಗಿರಬೇಕು ಎಂಬ ಮೂಲ ನಿಯಮಗಳ ದಸ್ತಾವೇಜು ಉದ್ದವಾದದ್ದು, ನೀರಸವಾದದ್ದು. ಅದುವರೆಗೆ ನಾನು ಇಂಟರ್ನೆಟ್ಟಿನಲ್ಲಿ ಬೇರೆಯವರು ಬರೆದ ಸಾರಾಂಶಗಳನ್ನಷ್ಟೇ ನೋಡಿದ್ದೆ. ಮುದ್ರಿಸಿಕೊಂಡು ಬಸ್ಸಿನಲ್ಲಿ ಹೋಗುವಾಗ ಬರುವಾಗ ಸಾಲು ಬಿಡದೆ ಓದಿದೆ. ಮೂರನೇ ದಿನ ಸಿಕ್ಕಿತು. ಆ ಲೆಕ್ಕದಲ್ಲಿ ಬೋರ್ಡು ಏನು ಕೇಳುತ್ತಿದೆ, ಯಾವ ವಿಳಾಸಕ್ಕೆ ಎಂಬುದನ್ನೂ ಸೇರಿಸಬೇಕು. ನಾನು ಸೇರಿಸಿದ್ದು ಅಂಕಿ ಕೊನೆಗೆ ತಲುಪಬೇಕಾದ, ಸರ್ವರಿನ ಒಳಗಿನ ಪುಟದ ವಿಳಾಸ. ಆದರೆ ಪ್ರಾಕ್ಸಿಯ ಎದುರು ನಿಂತಾಗ ಬೋರ್ಡು ಕೇಳುತ್ತಿರುವುದು ಪುಟವನ್ನಲ್ಲ, ದಾರಿಯನ್ನು. ಒಳಗೆ ಯಾವ ಪುಟ ಬೇಕು ಎಂಬುದು ಪ್ರಾಕ್ಸಿಗೆ ಕಾಣುವುದೇ ಇಲ್ಲ. ಅದು ಸರ್ವರಿನ ಹೆಸರನ್ನಷ್ಟೇ ಇಟ್ಟುಕೊಂಡು ಲೆಕ್ಕ ಮಾಡುತ್ತಿತ್ತು, ನಾನು ಪುಟವನ್ನಿಟ್ಟುಕೊಂಡು. ಮನೆಯ ಪರೀಕ್ಷೆಯಲ್ಲಿ ಸುರಂಗವಿರಲಿಲ್ಲ, ಆದ್ದರಿಂದ ಎರಡೂ ಒಂದೇ ಆಗಿ ಪಾಸಾಗಿತ್ತು.

ಎರಡು ಸಾಲು ಬದಲಾಯಿಸಿದೆ. ಇನ್ನೊಂದನ್ನೂ ತಿದ್ದಿದೆ: ಪ್ರಾಕ್ಸಿ ಕೊಟ್ಟ ಸಂಖ್ಯೆ ಹಳತಾಗಿದ್ದರೆ ಹೊಸ ಸಂಖ್ಯೆ ತೆಗೆದುಕೊಂಡು ಒಮ್ಮೆ ಮಾತ್ರ ಮತ್ತೆ ಕೇಳಬೇಕು, ಉತ್ತರವೇ ತಪ್ಪಾಗಿದ್ದರೆ ನಿಲ್ಲಬೇಕು, ಬಾಗಿಲು ಬಡಿಯುತ್ತ ಕೂರಬಾರದು. ಹದಿನಾರನೇ ದಿನ ಹನ್ನೊಂದು ಗಂಟೆಗೆ ಬೋರ್ಡಿನ ಅಂಕಿ ಸರ್ವರನ್ನು ಮುಟ್ಟಿತು. ಸಂಜೆಯವರೆಗೆ ಒಂದೂ ತಪ್ಪಲಿಲ್ಲ. ಕಾಕುವಿಗೆ ಹೇಳಲು ಹೋದೆ. ಅವರು ಮುಖವಾಡವನ್ನು ನನ್ನ ಕೈಗೇ ಕೊಟ್ಟು, "ಇಟ್ಕೋರಿ, ನಿಮ್ಮ ಮೂರ ದಿನ ಮುಗೀತು," ಎಂದು ನಕ್ಕರು.

ನಾನು ಬರೆದದ್ದನ್ನು ಲೈಬ್ರರಿಗೆ ಕಳಿಸಿದೆ. ನಿರ್ವಾಹಕರು ಮೂರು ಸಲ ವಾಪಸ್ಸು ಕಳಿಸಿದರು. ಹೆಸರುಗಳು ಸ್ಪಷ್ಟವಿಲ್ಲ, ಈ ಪರೀಕ್ಷೆ ಸಾಲದು, ಇದನ್ನು ಯಾಕೆ ಹೀಗೆ ಮಾಡಿದಿರಿ ಎಂದು ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತ ನಾನು ಕಲಿತದ್ದು ಆ ಹದಿನಾರು ದಿನಗಳಲ್ಲಿ ಕಲಿತದ್ದಕ್ಕಿಂತ ಕಡಿಮೆಯಲ್ಲ. ಕೊನೆಗೆ ಸ್ವೀಕಾರವಾಯಿತು. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ನನ್ನ ಹೆಸರಿತ್ತು. ಮನೆಯಲ್ಲಿ ಗಂಡನಿಗೆ ತೋರಿಸಿದೆ. ಅವರು ಅದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರು.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ಮೂರು ವಾರದ ನಂತರ ಒಂದು ಸಂದೇಶ ಎರಡೆರಡು ಸಲ ಬಂತು. ಸಣ್ಣ ತೊಂದರೆ. ಕಾರಣ ಹುಡುಕಲು ಸಂದೇಶ ಹಂಚುವ ಆ ಹೊರಗಿನ ಸರ್ವರಿನ ದಾಖಲೆ ತೆರೆದೆ. ಬೋರ್ಡಿನಿಂದ ಬಂದ ಪ್ರತಿಯೊಂದು ಕೋರಿಕೆಯೂ ಅಲ್ಲಿ ಪೂರ್ತಿಯಾಗಿ ಬರೆದಿಟ್ಟಿತ್ತು. ಅದರ ಮೇಲ್ಭಾಗದಲ್ಲಿ ಕಾರ್ಖಾನೆಯ ಪ್ರಾಕ್ಸಿಗೆ ಹೇಳಬೇಕಾದ ಗುರುತಿನ ಸಾಲೂ ಇತ್ತು.

ಅದು ಅಲ್ಲಿರಬಾರದು. ಆ ಸಾಲು ಪ್ರಾಕ್ಸಿಯವರೆಗೆ ಹೋಗಿ ಅಲ್ಲೇ ನಿಲ್ಲಬೇಕಾದದ್ದು. ಸುರಂಗ ಬರೆಯುವಾಗ ಪ್ರಾಕ್ಸಿಗೆ ಹೇಳುವ ಸಾಲುಗಳನ್ನೂ ಸರ್ವರಿಗೆ ಹೇಳುವ ಸಾಲುಗಳನ್ನೂ ನಾನು ಒಂದೇ ಪಟ್ಟಿಯಲ್ಲಿ ಇಟ್ಟಿದ್ದೆ. ಪಟ್ಟಿ ಪೂರ್ತಿಯಾಗಿ ಹೊರಗೆ ಹೋಗುತ್ತಿತ್ತು. ಡೈಜೆಸ್ಟ್ ಆದ್ದರಿಂದ ಹೋದದ್ದು ಲೆಕ್ಕದ ಉತ್ತರ ಮಾತ್ರ. ಆದರೆ ದಾಖಲೆಯಲ್ಲಿ ಹಿಂದೆ ಹಿಂದೆ ಹೋದೆ. ಭಾಯ್ ಬೇಸಿಕ್ ತೆರೆದುಕೊಟ್ಟ ಆ ಎರಡು ದಿನಗಳು ಬಂದವು. ಅಲ್ಲಿ, ನಿಮಿಷಕ್ಕೊಂದರಂತೆ, ಕಾಟಾವೂ ಬಳಸುವ ಆ ಹೆಸರು ಮತ್ತು ಪಾಸ್‌ವರ್ಡು ಬೇರೆಯವರ ಕಂಪ್ಯೂಟರಿನಲ್ಲಿ ಸಾಲಾಗಿ ಬಿದ್ದಿದ್ದವು. ಆ ಸೇವೆಯ ನೌಕರರು ಯಾರು ಬೇಕಾದರೂ ಓದಬಹುದಿತ್ತು.

ಅಷ್ಟೇ ಅಲ್ಲ. ನನ್ನ ಹೆಸರಿನ ಆ ಆವೃತ್ತಿಯನ್ನು ಎಷ್ಟು ಜನ ಎಲ್ಲೆಲ್ಲಿ ತಮ್ಮ ಬೋರ್ಡುಗಳಿಗೆ ಹಾಕಿಕೊಂಡಿದ್ದರೋ. ಅವರಲ್ಲಿ ಬೇಸಿಕ್ ಬಳಸುವವರ ಪಾಸ್‌ವರ್ಡುಗಳೂ ಹೀಗೇ ಹೊರಗೆ ಹೋಗುತ್ತಿದ್ದವು.

ತಿದ್ದುವುದು ಕಷ್ಟವಿರಲಿಲ್ಲ. ಪಟ್ಟಿಯನ್ನು ಎರಡಾಗಿ ಮಾಡಿದರೆ ಆಯಿತು, ಒಂದು ಮುಂಜಾನೆಯ ಕೆಲಸ. "ಸ್ವಲ್ಪ ಅಚ್ಚುಕಟ್ಟು ಮಾಡಿದೆ" ಎಂದು ಬರೆದು ಕಳಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಳೆಯ ಆವೃತ್ತಿ ಬಳಸುತ್ತಿದ್ದವರು ಪಾಸ್‌ವರ್ಡು ಬದಲಾಯಿಸಬೇಕೆಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ. ಇತ್ತ ಕಾರ್ಖಾನೆಯಲ್ಲಿ ಹೇಳಿದರೆ ಮೊದಲ ಪ್ರಶ್ನೆಯೇ ಬೇಸಿಕ್ ತೆರೆದವರು ಯಾರು ಎಂಬುದು. ಜೊತೆಗೆ ತನಿಖೆ ಮುಗಿಯುವವರೆಗೆ ಬೋರ್ಡನ್ನು ಬಂದ್ ಮಾಡುತ್ತಾರೆ. ಕಾಕು ಮತ್ತೆ ಗೋದಾಮಿಗೆ ಹೋಗಬೇಕು. ನನ್ನ ತಪ್ಪಿಗೆ ನನಗಿಂತ ಹೆಚ್ಚು ತೊಂದರೆಯಾಗುವುದು ನನಗೆ ಒಳ್ಳೆಯದು ಮಾಡಿದ ಒಬ್ಬರಿಗೆ, ಏನೂ ಮಾಡದ ಇನ್ನೊಬ್ಬರಿಗೆ. ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನದ ಬಗ್ಗೆ ನನಗೆ ಹೆಮ್ಮೆಯಿಲ್ಲ.

ಮೂರನೇ ದಿನ ಬೆಳಿಗ್ಗೆ, ಕೆಲಸಕ್ಕೆ ಮುಂಚೆ, ಗೇಟಿನೆದುರಿನ ಚಹಾ ಅಂಗಡಿಯಲ್ಲಿ ಭಾಯ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕೇಳುತ್ತ ಕೇಳುತ್ತ ಬನ್ನನ್ನು ಚಹಾದಲ್ಲಿ ಅದ್ದುವುದನ್ನೇ ಮರೆತರು.

"ಪಾಸ್‌ವರ್ಡ್ ಪೂರಾ ಕಾಣ್ತದ?"

"ಪೂರಾ ಕಾಣ್ತದ ಭಾಯ್."

ಬನ್ನನ್ನು ತಟ್ಟೆಯಲ್ಲಿಟ್ಟರು. "ಬೇಸಿಕ್ ಚಾಲೂ ಮಾಡಿದ್ದು ನಾ. ನೀವ್ ಕೇಳಿದ್ದಿಲ್ಲ. ಬರಿಯೋ ಮುಂದ ಹಂಗೇ ಬರೀರಿ."

"ನಾನೇ ಕೇಳಿದೆ ಅಂತ ಬರೀತೀನಿ."

"ಯಾಕ್ರಿ ಝೂಟ್ ಬರೀತೀರಿ? ಖರೆ ಹೇಳಾಕ ಹೊಂಟೀರಿ, ಪೂರಾ ಖರೆ ಹೇಳ್ರಿ." ಆಮೇಲೆ ಚಹಾದವನಿಗೆ ಕೈಯೆತ್ತಿ ಇನ್ನೆರಡು ಕಪ್ಪು ಹೇಳಿದರು. "ನಾ ಮೊದಲ ಪಾಸ್‌ವರ್ಡ್ ಬದಲಿ ಮಾಡ್ತೀನಿ. ನೀವು ಹತ್ತ ಗಂಟಿಗಿ ಸರ್ ಹತ್ರ ಬರ್ರಿ. ಇಬ್ಬರೂ ಕೂಡೇ ಹೋಗೋಣು."

ಇಬ್ಬರೂ ಹೋದೆವು. ಸುರಕ್ಷತಾ ಅಧಿಕಾರಿ ಪೂರ್ತಿ ಕೇಳಿಸಿಕೊಂಡು, ನಾವು ಹೇಳಿದ್ದನ್ನೇ ಬರಹದಲ್ಲಿ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಹೆಡ್ ಆಫೀಸಿನಿಂದ ಉತ್ತರ ಬಂತು: ಬೋರ್ಡು ಐದು ದಿನ ಬಂದ್. ನಿರ್ವಾಹಕರಿಗೂ ಅಂದೇ ಬರೆದೆ. ತಪ್ಪು ಯಾವ ಸಾಲಿನಲ್ಲಿದೆ, ಯಾರು ಬರೆದದ್ದು, ಏನೇನು ಹೊರಗೆ ಹೋಗುತ್ತದೆ ಎಂಬುದನ್ನೆಲ್ಲ ಖಾಸಗಿಯಾಗಿ ತಿಳಿಸಿ, ತಿದ್ದುಪಡಿಯನ್ನೂ ಜೊತೆಗಿಟ್ಟೆ.

ಕಾಕುವಿಗೆ ಹೇಳುವುದು ಉಳಿದಿತ್ತು. ಡ್ರಮ್ಮಿನ ಮೇಲೆ ನೀರು ಬಿಡುತ್ತಿದ್ದವರು ಪೈಪು ಕೆಳಗಿಟ್ಟು ಕೇಳಿಸಿಕೊಂಡರು.

"ಏನರೆ ಕಳವಾಗ್ಯಾದೇನ್ರಿ?"

"ಇಲ್ಲ ಕಾಕು. ಆದ್ರ ಕೀಲಿ ಮಂದಿ ಕೈಗೆ ಸಿಗೋ ಹಂಗ ಬಿದ್ದಿತ್ತು. ನನ್ನ ತಪ್ಪು."

"ಮತ್ತ ಐದ ದಿನ ನಾ ಒಳಗ ಹೋಗಬೇಕು."

"ಹೌದು."

"ನಂಗ ಸಿಟ್ಟ ಬಂದದ ನೋಡ್ರಿ ಮೇಡಂ," ಎಂದರು, ಮುಖ ನೋಡಿಯೇ. ಪೈಪು ಎತ್ತಿಕೊಂಡು ನೀರು ಬಿಡತೊಡಗಿದರು. ಒಂದು ಸುತ್ತು ನೀವು, ಒಂದು ಸುತ್ತು ನಾನು ಎಂದೆ. ಅವರು ಮುಂದಿನ ಡ್ರಮ್ಮು ಹೊರಳಿಸಿಕೊಂಡರು.

ಹಿಂದಿನ ಹದಿನಾರು ದಿನದಲ್ಲಿ ನಾನು ಒಮ್ಮೆಯೂ ಆ ಸುತ್ತಿಗೆ ಹೋಗಿರಲಿಲ್ಲ. ಮೀಟರನ್ನು ಕೂಡಿಸಲು, ಸರಿಪಡಿಸಲು ಹೋದದ್ದೆಲ್ಲ ಗೋದಾಮು ಖಾಲಿ ಮಾಡಿ ಗಾಳಿಯಾಡಿಸಿದ ದಿನಗಳಲ್ಲಿ. ಈಗ ಮುಖವಾಡ ಬಿಗಿದು ಒಳಗೆ ಹೋದಾಗ ಆ ದಾರಿ ಎಷ್ಟು ಕಷ್ಟದ್ದೆಂದು ತಿಳಿಯಿತು: ಮೀಟರು ಇರುವುದು ಬಾಗಿಲಿನಿಂದ ಅತಿ ದೂರದ ಮೂಲೆಯಲ್ಲಿ. ಡ್ರಮ್ಮುಗಳ ನಡುವೆ ಅಡ್ಡ ತಿರುಗಿ ನಡೆಯಬೇಕು. ಅಂಕಿ ಒಂದೇ ಕಡೆ ನಿಲ್ಲುವವರೆಗೆ ಕಾಯಬೇಕು. ಮುಖವಾಡದೊಳಗೆ ನಮ್ಮ ಉಸಿರೇ ನಮಗೆ ಬಿಸಿ. ಹೊರಬಂದ ಮೇಲೂ ಆ ಸಿಹಿಸಿಹಿ ವಾಸನೆ ಸೆರಗಿನಲ್ಲಿ ಕೂತಿರುತ್ತದೆ. ನಾಲ್ಕನೇ ಸುತ್ತಿಗೆ ನನ್ನ ಕಣ್ಣಿನ ಹಿಂದೆ ನೋವು ಶುರುವಾಯಿತು.

ಮರುದಿನ ನಾನು ಹೊರಬರುವಾಗ ಕಾಕು ಬಾಗಿಲ ಹೊರಗೆ ಕಾಯುತ್ತಿದ್ದರು.

"ಒಂದ್ ಮಾತ ಕೇಳ್ತೀನ್ರಿ. ಆ ಬೋರ್ಡ್ ಚಾಲೂ ಇದ್ದಾಗ ಮೆಸೇಜ್ ಯಾರಿಗಿ ಹೋಗ್ತದ?"

"ಸರ್‌ಗೆ, ಪಾಳಿ ಸಾಹೇಬರಿಗೆ, ನನಗೆ."

"ನಮ್ಮ ಫೋನ ಗೇಟಿನ್ಯಾಗ ಇಟ್ಟ ಬರ್ತೀವಿ. ಒಳಗ ಡ್ರಮ್ ತರಾಕ ಹೋಗೋರು ನಾವು. ನಮಗ ಹ್ಯಾಂಗ ಗೊತ್ತಾಗಬೇಕ್ರಿ?"

ಕಾಕು ಬಾಗಿಲಿನ ಮೇಲಿನ ಗೋಡೆಗೆ ಕೈ ತೋರಿಸಿದರು.

"ಈ ಬಾಗಲದ ಮ್ಯಾಲ ಒಂದ ಬತ್ತಿ ಹಾಕಾಕ ಆಗೂದಿಲ್ಲೇನ್ರಿ? ವಾಸನಿ ಹೆಚ್ಚಾದ್ರ ಕೆಂಪ ಆಗಬೇಕು. ನೋಡಿ ಹೊರಗೇ ನಿಂದರ್ತೀವಿ."

ಆಗುತ್ತಿತ್ತು. ಮೊದಲ ಗಡಿ ಮುಟ್ಟಿದಾಗ ದೀಪ ಹೊತ್ತಿಸಲು ತಂತಿ ಸಿಕ್ಕಿಸುವ ಒಂದು ಖಾಲಿ ಜಾಗ ಮೀಟರಿನಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ನಾನು ಪ್ರತಿ ವರ್ಷ ಒರೆಸಿ, ತಪಾಸಣೆ ಮಾಡಿ, ಪುಸ್ತಕದಲ್ಲಿ "ಬಳಕೆಯಲ್ಲಿಲ್ಲ" ಎಂದು ಬರೆಯುತ್ತಿದ್ದೆ. ಸಾಲ್ವೆಂಟ್ ಇರುವ ಕಡೆ ಹಾಕಲು ಯೋಗ್ಯವಾದ, ಕಿಡಿ ಹೊರಬಿಡದ ಕೆಂಪು ದೀಪ ಒಂದು ಸ್ಟೋರಿನಲ್ಲೇ ಬಿದ್ದಿತ್ತು. ಸುರಕ್ಷತಾ ಅಧಿಕಾರಿಗೆ ಹೇಳಿದೆ. ಈ ಯೋಚನೆ ಕಾಕುವಿನದು ಎಂದೂ ಹೇಳಿದೆ. ಅವರು ತಮ್ಮ ಕನ್ನಡಕ ಒರೆಸುತ್ತ, "ಅಂಕಿ ತೋರಿಸೋ ಡಿಸ್ಪ್ಲೇನೂ ಹೊರಗ ಹಾಕ್ರಿ," ಎಂದರು. ಗೋದಾಮು ಖಾಲಿ ಮಾಡಿಸಿ, ಕೆಲಸದ ಪರವಾನಗಿ ಬರೆಸಿ, ಎಲೆಕ್ಟ್ರಿಷಿಯನ್ ಜೊತೆ ಪೈಪಿನೊಳಗೆ ತಂತಿ ಎಳೆದೆವು. ಮೂರನೇ ದಿನ ಸಂಜೆ ನಾಲ್ಕಕ್ಕೆ ದೀಪವೂ ಡಿಸ್ಪ್ಲೇಯೂ ಬಾಗಿಲ ಮೇಲೆ ಬಂದವು. ಒಳಗೆ ಹೋಗುವ ಸುತ್ತುಗಳು ಅಂದಿಗೇ ನಿಂತವು. ಅದಕ್ಕೆ ಯಾವ ಪ್ರಾಕ್ಸಿಯ ಅಪ್ಪಣೆಯೂ ಬೇಕಿರಲಿಲ್ಲ.

ಭಾನುವಾರಗಳಿಗೆ, ಯಾರೂ ಇಲ್ಲದ ಹೊತ್ತಿಗೆ ಸಂದೇಶ ಬೇಕೇ ಬೇಕು. ಆದ್ದರಿಂದ ನನ್ನ ಹದಿನಾರು ದಿನ ವ್ಯರ್ಥವೆಂದು ನಾನು ಅಂದುಕೊಂಡಿಲ್ಲ. ಆದರೆ ಕಷ್ಟದ ಕೆಲಸದ ಬೆನ್ನು ಹತ್ತಿದ್ದ ನನಗೆ ಸುಲಭದ ಕೆಲಸ ಕಾಣಿಸಿರಲಿಲ್ಲ. ಕಾಕುವನ್ನು ನಾನು ಮೊದಲ ದಿನವೇ ಕೇಳಬಹುದಿತ್ತು.

ನಾಲ್ಕನೇ ದಿನ ನಿರ್ವಾಹಕರು ತಿದ್ದಿದ ಆವೃತ್ತಿಯನ್ನೂ ಒಂದು ಎಚ್ಚರಿಕೆಯ ಪ್ರಕಟಣೆಯನ್ನೂ ಹೊರಡಿಸಿದರು. ಹಳೆಯದನ್ನು ಬಳಸಿದವರೆಲ್ಲ ಪಾಸ್‌ವರ್ಡು ಬದಲಾಯಿಸಿ ಎಂದಿತ್ತು. ತಪ್ಪು ಬರೆದವಳೂ, ಅದನ್ನು ಕಂಡುಹಿಡಿದು ಹೇಳಿದವಳೂ ಒಬ್ಬಳೇ ಎಂದು ನನ್ನ ಹೆಸರು ಹಾಕಿದ್ದರು. ಹಾಗೆ ಹಾಕಬಹುದೇ ಎಂದು ನನ್ನನ್ನು ಮೊದಲು ಕೇಳಿದ್ದರು. ಅದರ ಕೆಳಗೆ, ಇದನ್ನು ಓದಿ ಒಪ್ಪಿದ್ದು ನಾನು, ಆದ್ದರಿಂದ ತಪ್ಪಿನಲ್ಲಿ ಅರ್ಧ ಪಾಲು ನನ್ನದು ಎಂದು ತಮ್ಮ ಹೆಸರನ್ನೂ ಸೇರಿಸಿದ್ದರು. ಅದನ್ನು ನಾನು ಕೇಳಿರಲಿಲ್ಲ. ಯಾರೋ ಒಬ್ಬರು ಇಂಥವರಿಗೆ ಬರೆಯಲು ಯಾಕೆ ಬಿಡುತ್ತೀರಿ ಎಂದು ಕಟುವಾಗಿ ಬರೆದರು. ಮೂರು ಜನ ನಮ್ಮಲ್ಲೂ ಹೀಗೇ ಹೋಗುತ್ತಿತ್ತು, ಪಾಸ್‌ವರ್ಡು ಬದಲಾಯಿಸಿದೆವು ಎಂದು ಬರೆದರು. ಆ ಮೂವರ ಮಾತನ್ನು ನಾನು ಹಲವು ಸಲ ಓದಿದೆ. ಕಟುಮಾತನ್ನೂ ಓದಿದೆ.

ಭಾಯ್‌ಗೆ ಎಚ್ಚರಿಕೆಯ ಪತ್ರ ಬಂತು. ನನಗೂ ಒಂದು. ಅವರ ಗುತ್ತಿಗೆ ನವೀಕರಣದ ಕಾಗದ ಹೆಡ್ ಆಫೀಸಿನಲ್ಲಿ ಆರು ವಾರ ಕೂತಿತು. ಆ ಆರು ವಾರ ಅವರು ದಿನಾ ಹಾಗೇ ಬಂದು, ಹಾಗೇ ನಕ್ಕು ಮಾತಾಡಿದರು. ಅವರ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಸುರಕ್ಷತಾ ಅಧಿಕಾರಿ ಎರಡು ಸಲ ಪತ್ರ ಬರೆದರೆಂದು ಆಮೇಲೆ ಗೊತ್ತಾಯಿತು. ನವೀಕರಣವಾಯಿತು. ಅಂದು ಭಾಯ್ ಹುಮನಾಬಾದಿನ ಅಂಗಡಿಯಿಂದ ಕುರುಕಲು ಖಾರಾ ತಂದು ಎಲ್ಲರಿಗೂ ಹಂಚಿದರು. ನನಗೆ ಕೊಡುವಾಗ, "ತಗೋರಿ ಮೇಡಂ, ಇದಕ್ಕ ಪಾಸ್‌ವರ್ಡ್ ಇಲ್ಲ," ಎಂದರು.

ಅದಾಗಿ ಎರಡು ತಿಂಗಳಿರಬೇಕು. ಒಂದು ಮಧ್ಯಾಹ್ನ ಕಚೇರಿಯಲ್ಲಿ ಮೀಟರೊಂದನ್ನು ಬಿಚ್ಚಿಕೊಂಡು ಕೂತಿದ್ದೆ. ಕಾಕು ಬಂದು ಬಾಗಿಲಲ್ಲಿ ನಿಂತರು. ಓಡಿ ಬಂದಿದ್ದರು, ಕೈಗವಸು ಇನ್ನೂ ಕೈಯಲ್ಲೇ ಇತ್ತು.

"ಮೇಡಂ, ಬತ್ತಿ ಕೆಂಪ ಆಗ್ಯಾದ. ಒಂದ ಡ್ರಮ್ಮಿನ ಮುಚ್ಚಳ ಸಡ್ಲಾಗಿರಬೇಕು. ನಾ ಒಳಗ ಹೋಗಿಲ್ರಿ. ಉಳದವರಿಗೂ ಹೋಗಬ್ಯಾಡ್ರಿ ಅಂತ ಬಾಗಲದಾಗ ನಿಂದರಸಿ ಬಂದೀನಿ."

ಸುಳ್ಳು ಎಚ್ಚರಿಕೆ ಹೋಗದಿರಲೆಂದು ನಿಮಿಷಕ್ಕೊಂದರಂತೆ ಮೂರು ಅಂಕಿ ಸಾಲಾಗಿ ಗಡಿ ದಾಟಿದ ಮೇಲಷ್ಟೇ ಸಂದೇಶ ಹೊರಡುವಂತೆ ನಾನು ಮಾಡಿಟ್ಟಿದ್ದೆ; ಬತ್ತಿಗೆ ಆ ಕಾಯುವಿಕೆ ಇರಲಿಲ್ಲ. ಕಾಕು ಹೇಳಿ ಮುಗಿಸಿದರು. ನಾನು ಎದ್ದು ಮುಖವಾಡ ತೆಗೆದುಕೊಂಡೆ. ಆಮೇಲೆ ಮೇಜಿನ ಮೇಲಿದ್ದ ನನ್ನ ಫೋನು ಸದ್ದು ಮಾಡಿತು.